ಮೂರನೇ ವಿಸಿಲ್

ನಂಬಿದರೆ ನಂಬಿ, ಇಲ್ಲವಾದರೆ ಗುಬ್ಬಿಯನ್ನೇ ಕೇಳಿ. ಶನಿವಾರ ಮಧ್ಯಾಹ್ನ ಮೂರಕ್ಕೆ, ಚರ್ಚಿನ ಆಫೀಸಿನ ಫೋನಿನಿಂದ, ಪಾಸ್ಟರ್ ಅಯ್ಯನವರ ದನಿ ಮಾಡಿ ಅವನು ತನ್ನ ಸೋದರಮಾವನ ಎದೆಗೇ ಉಳಿ ಇಟ್ಟ.

"ಪ್ರಸಂಗಪೀಠ ಕಮಿಟಿಯವರಿಗೆ ಹಿಡಿಸಲಿಲ್ಲಪ್ಪ. ಅಂಗಡಿಯಿಂದ ಗಾಜಿನದು ತರಿಸ್ತೀವಿ. ನಿನ್ನದನ್ನ ಇವತ್ತೇ ಎತ್ತಿಕೊಂಡು ಹೋಗು."

ಅದೇ ಗಡಸು, ಅದೇ ಎಳೆತ, ಕೊನೆಗೆ ಅದೇ ಸಣ್ಣ ಕೆಮ್ಮು. ಸುತ್ತ ನಿಂತ ಗಾಯನ ತಂಡದವರು ಬಾಯಿಗೆ ಕೈ ಅಡ್ಡ ಹಿಡಿದರು.

ಮಾವ ಬಡಗಿ. ಅಯ್ಯನವರು ಭಾನುವಾರ ನಿಂತು ಉಪದೇಶ ಮಾಡುವ ಆ ಪೀಠವನ್ನು ಎಂಟು ತಿಂಗಳು ಕೂತು ಮಾಡಿದ್ದ. ನಾಳೆ ಅದರ ಸಮರ್ಪಣೆ. ಊರಿಗೆಲ್ಲ ಅವನು 'ಕುಕ್ಕರ್'. ಮೂರನೇ ಮಾತಿಗೇ ಸಿಟ್ಟಿನ ವಿಸಿಲ್. ಹೋದ ವರ್ಷ ಯಾರೋ ಕಾಲು ಸೊಟ್ಟ ಅಂದರೆಂದು ತಾನೇ ಮಾಡಿದ ಕುರ್ಚಿಯನ್ನು ಕೊಡಲಿಯಿಂದ ಸೌದೆ ಮಾಡಿದ್ದ. ಮುಂದಿನ ಭಾನುವಾರ ಸಭೆಯ ಎದುರು ನಿಂತು, "ವಿಶ್ವಾಸಕ್ಕೆ ಬಂದು ಇಪ್ಪತ್ತು ವರ್ಷ. ಇನ್ನೂ ಹಾಲುಹಲ್ಲೇ ಬಿದ್ದಿಲ್ಲ. ಕ್ರಿಸ್ತನಲ್ಲಿ ಬೆಳೆಯೋ ಹಾಗೆ ನನಗಾಗಿ ಪ್ರಾರ್ಥಿಸಿ" ಎಂದು ಅತ್ತಿದ್ದ. ಆ ಅಳುವಿಗೆ ಬಾಲವಾಗಿ ಒಂದು ವಿಸಿಲ್ ಸೇರಿಸಿ ಗುಬ್ಬಿ ವರ್ಷವಿಡೀ ಎಲ್ಲರನ್ನೂ ನಗಿಸಿದ್ದ. ಬೆಳೆದಿದ್ದಾನೋ ಇಲ್ಲವೋ, ಇವತ್ತು ನೋಡೇಬಿಡೋಣ ಅಂತ ಈ ಫೋನು.



"ಆಯ್ತು ಅಯ್ನೋರೆ," ಎಂದ ಮಾವ ಆ ಕಡೆಯಿಂದ. "ನಿಮ್ಮ ದನಿ ಕೇಳಿ ಸಂತೋಷ ಆಯ್ತು. ನನ್ನ ಅಳಿಯ ಅಲ್ಲೇ ಇದ್ದಾನಾ?"

ಗುಬ್ಬಿ ಅಯ್ಯನವರ ದನಿ ಬಿಡಲಿಲ್ಲ. "ಇದ್ದಾನೆ."

"ಹಿಡಿದಿಟ್ಟುಕೊಂಡಿರಿ. ಅವನಿಲ್ಲದೆ ಈ ಕೆಲಸ ಆಗಲ್ಲ."

ತಂಡದವರಿಗೆ ಒಬ್ಬೊಬ್ಬರಿಗೂ ಮನೆಗೆಲಸ ನೆನಪಾಯಿತು. ಗುಬ್ಬಿ ಮತ್ತೆ ಫೋನು ಮಾಡಿದ, ಯಾರೂ ಎತ್ತಲಿಲ್ಲ. ಒಳಗೆ ಓಡಿ ಪೀಠಕ್ಕೆ ಅಡ್ಡ ನಿಂತ. ಅದನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಎಲ್ಲೂ ಒಂದು ಮೊಳೆಯಿಲ್ಲ. ಯಾರ ಕಣ್ಣಿಗೂ ಬೀಳದ ಒಳಮೈಯನ್ನೂ ಮಾವ ಕೆನ್ನೆಯಂತೆ ನುಣ್ಣಗೆ ಉಜ್ಜಿದ್ದ.

ಬಾಗಿಲು ಕಿರುಗುಟ್ಟಿತು. ಮಾವ. ಹೆಗಲಲ್ಲಿ ಗರಗಸ, ಕೈಯಲ್ಲಿ ಭಾರದ ಗೋಣಿಚೀಲ. ಚೀಲ ನೆಲಕ್ಕೆ ಧಡ್ ಎಂದಿತು.

"ಪೀಠದ ಹಿಂದೆ ಹೋಗಿ ನಿಲ್ಲೋ."

"ಮಾವ, ಒಂದು ಮಾತು..."

"ನಿಲ್ಲು ಅಂದೆ."

ಗುಬ್ಬಿ ನಿಂತ. ಆರಡಿಯ ಅಯ್ಯನವರ ಅಳತೆಗೆ ಮಾಡಿದ ಪೀಠ. ಅವನ ಮೂಗಿನ ತನಕ ಬಂತು. ಮಾವ ಒಂದು ಕಣ್ಣು ಮುಚ್ಚಿ, ಹಲಗೆ ಕೊಯ್ಯುವ ಮುಂಚೆ ನೋಡುವ ಹಾಗೆ, ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದ. ಬೆಳಿಗ್ಗೆ ರಸ್ತೆಯಲ್ಲೂ ಹೀಗೇ ನೋಡಿ ಏನೋ ಕೂಗಿದ್ದ. ಹಳೆಯ ಸಿಟ್ಟಿರಬೇಕೆಂದು ಗುಬ್ಬಿ ಕೇಳಿಸದವನಂತೆ ಪಕ್ಕದ ಗಲ್ಲಿಗೆ ತಿರುಗಿದ್ದ.

ಮಾವನ ಕೈ ಚೀಲಕ್ಕಿಳಿಯಿತು.

"ಫೋನು ಮಾಡಿದ್ದು ನಾನು ಮಾವ. ಪೀಠ ಬೇಡ ಅಂತ ಯಾರೂ ಅಂದಿಲ್ಲ. ಹೊಡೆಯೋದಾದರೆ ನನಗೆ ಹೊಡಿ. ಇದನ್ನ ಒಡೀಬೇಡ."

"ಗೊತ್ತು."

"ಯಾವಾಗಿಂದ?"

"ನೀನು ಹಲೋ ಅಂದಾಗಿಂದ." ಮಾವ ಬಾಗಿಲ ಕಡೆ ಗದ್ದ ತೋರಿಸಿದ.

ಅಲ್ಲಿ ಅಯ್ಯನವರು. ಕತ್ತಿಗೆ ಮಫ್ಲರ್, ಕೈಯಲ್ಲಿ ಸ್ಲೇಟು. ಅವರು ಸ್ಲೇಟು ಎತ್ತಿ ಹಿಡಿದರು: 'ಬೆಳಿಗ್ಗೆ ನಿನ್ನ ಮಾವನೇ ಆಸ್ಪತ್ರೆಗೆ ಕರೆದೊಯ್ದ. ಗಂಟಲು ಕೆಟ್ಟಿದೆ, ಹದಿನೈದು ದಿನ ಮಾತಾಡುವಂತಿಲ್ಲ. ನಾಳೆ ನನ್ನ ಪ್ರಸಂಗ ಯಾರು ಓದಬೇಕು ಅಂತ ಅವನನ್ನೇ ಕೇಳಿದೆ.'

ಚೀಲದಿಂದ ಹೊರಬಂದದ್ದು ಆಗಷ್ಟೇ ಕೀಸಿದ ಕಾಲ್ಮಣೆ. ಗುಬ್ಬಿ ಅದರ ಮೇಲೆ ಹತ್ತಿದ. ಪೀಠ ಸರಿಯಾಗಿ ಎದೆಮಟ್ಟಕ್ಕೆ ಬಂತು.

"ಅಯ್ನೋರ ದನಿಯಲ್ಲೇ ಓದು," ಎಂದ ಮಾವ. "ಕೆಮ್ಮು ಮರೀಬೇಡ." ಆಮೇಲೆ ಕಿಟಕಿ ಗಾಜು ಅದುರುವಂತೆ ನಕ್ಕ, ನಕ್ಕು ನಕ್ಕು ಉಸಿರು ಕಟ್ಟಿ, ಕೊನೆಗೆ ವಿಸಿಲ್ಲೂ ಬಂತು.