ಬೇಡಿ ತಂದ ಅಕ್ಕೋರು

ಕನ್ನೊಳ್ಳಿಯಿಂದ ಬಂದಿದ್ದೇನೆ ಎಂಬ ಮಾತು ಕೇಳಿದ ಕೂಡಲೇ ತುಳಸೀಬಾಯಿಯವರ ಕೈ ಬಾಗಿಲ ಮೇಲೆಯೇ ನಿಂತಿತು. ಮೆಟ್ಟಿಲ ಬಳಿ ಸೆರಗನ್ನು ತಲೆತುಂಬ ಹೊದ್ದ, ಹೆಚ್ಚುಕಡಿಮೆ ತಮ್ಮದೇ ವಯಸ್ಸಿನ ಹೆಂಗಸೊಬ್ಬಳು ನಿಂತಿದ್ದಳು.

"ನಾ ರಹಿಮಾಬಿ ರೀ, ಅಕ್ಕೋರ. ಯಾಕೂಬಸಾಬರ ಮನಿಯಾಕಿ. ನಿಷತನ ಅವ್ವ."

ನಿಷತ ಎಂದಾಗ ಗುರುತು ಹತ್ತಿತು. ಮೂವತ್ತಮೂರು ವರ್ಷಗಳ ಹಿಂದೆ ಕನ್ನೊಳ್ಳಿಯ ಸಾಲೆಯಲ್ಲಿ ತಾವು ಅಕ್ಕೋರಾಗಿ ಕಲಿಸುತ್ತಿದ್ದಾಗ, ಐದನೆಯ ಇಯತ್ತೆಯಲ್ಲಿ, ಲೆಕ್ಕ ಮುಗಿಯುವ ತನಕ ಉಸಿರು ಬಿಗಿಹಿಡಿದು ಕೂಡುತ್ತಿದ್ದ ಹುಡುಗಿ. ಮುಸಲ್ಮಾನರ ಮನೆಯಲ್ಲಿ ಬೇಯಿಸಿದ್ದನ್ನು ಅಕ್ಕೋರು ಮುಟ್ಟುವುದಿಲ್ಲವೆಂದು ತಿಳಿದು, ಅವಳ ತಾಯಿ ವಾರಕ್ಕೊಮ್ಮೆ ಹಸಿ ಬದನೆಕಾಯಿ, ಹಸಿ ಸೇಂಗಾ ಕಳಿಸುತ್ತಿದ್ದಳು. ಹುಡುಗಿ ಅದನ್ನು ಹೊಸ್ತಿಲ ಮೇಲೆ ಇಟ್ಟು ಓಡಿಬಿಡುತ್ತಿತ್ತು. ಆ ಬದನೆಕಾಯಿಯ ಮುಳ್ಳು ಈಗಲೂ ಬೆರಳಿಗೆ ನೆನಪಿತ್ತು. ತುಳಸೀಬಾಯಿ ಬಾಗಿಲು ಪೂರ್ತಿ ತೆರೆದರು.

ಚಹಾ ಮುಂದಿಟ್ಟರೂ ರಹಿಮಾಬಿ ಕಪ್ಪು ಎತ್ತಲಿಲ್ಲ. "ಮುಂದಿನ ವಾರ ಹಜ್‌ಗೆ ಹೊಂಟೇನ್ರಿ. ನಿಷತ ಸಿಂದಗ್ಯಾಗ ಹೈಸ್ಕೂಲಿಗಿ ಗಣಿತ ಕಲಸ್ತಾಳ, ಆಕಿನ ರೊಕ್ಕಾ ಕೊಟ್ಟ ನನ್ನ ಕಳಸಾಕತ್ತಾಳ. ಹೋಗೂಕಿಂತ ಮೊದ್ಲ, ಯಾರ್‍ಯಾರಿಗಿ ನೋವ ಮಾಡೇವಿ ಅವರ ಹಂತ್ಯಾಕ ಹೋಗಿ ಮಾಫಿ ಕೇಳಬೇಕ್ರಿ. ಊರಾಗಿನವರ್ನ ಕೇಳಿದ್ದಾತ್ರಿ. ನೀವೊಬ್ರು ಉಳದಿದ್ರಿ."

"ನೀವು ನನಗೇನ ಮಾಡೀರಿ? ಬದನಿಕಾಯಿ ಕಳಿಸೀರಿ, ಅಷ್ಟ," ಎಂದು ತುಳಸೀಬಾಯಿ ನಕ್ಕರು.

ರಹಿಮಾಬಿ ನಗಲಿಲ್ಲ. "ನಿಮ್ಮನ್ನ ಕನ್ನೊಳ್ಳಿಗಿ ತಂದಾಕಿ ನಾನ್ರಿ," ಎಂದಳು. "ನಿಷತಂದು ನಾಕನೇ ಇಯತ್ತೆ ಮುಗದಿತ್ತು. ಸಾಲ್ಯಾಗ ಎಲ್ಲಾರೂ ಗಂಡಸ ಮಾಸ್ತರ. ಅಕ್ಕೋರ ಬಂದ್ರ ಕಳಸ್ತೇನಿ, ಇಲ್ಲಾಂದ್ರ ಸಾಕು, ಅಂದ್ರು ನಮ್ಮ ಮನಿಯವ್ರು. ನಾ ಐದೂ ನಮಾಜಿನಾಗ ಅದೊಂದನ್ನ ಬೇಡಿದ್ನಿರಿ. ಒಬ್ಬ ಅಕ್ಕೋರ್ನ ಕಳಸು, ಯಾರನ್ನರ ಕಳಸು ಅಂತ. ಯಾರ ಮನಿಯಿಂದ ಎಬ್ಬಿಸಿ ಕಳಸ್ತಿ ಅಂತ ಮಾತ್ರ ಕೇಳಲಿಲ್ಲ."

ತುಳಸೀಬಾಯಿ ಗೋಡೆಯ ಕಡೆ ನೋಡುತ್ತ ಕುಳಿತರು. ಆ ವರ್ಷ ತಾಯಿ ಗೋದಾಬಾಯಿಗೆ ಲಕ್ವ ಹೊಡೆದು ಆರು ತಿಂಗಳಾಗಿತ್ತು. ಮದುವೆಯ ಮಾತನ್ನೇ ಬದಿಗಿಟ್ಟು ತಾಯಿಯ ಜೊತೆ ಉಳಿದಿದ್ದ ಮಗಳಿಗೆ ಬಾಗೇವಾಡಿಯಿಂದ ಕನ್ನೊಳ್ಳಿಗೆ ವರ್ಗ. ಎಷ್ಟು ಅರ್ಜಿ ಕೊಟ್ಟರೂ ರದ್ದಾಗಲಿಲ್ಲ. ತಾಯಿಯನ್ನು ತಮ್ಮ ರಾಮಚಂದ್ರನಿಗೆ ಒಪ್ಪಿಸಿ, ಒಂದು ಟ್ರಂಕು ಹಿಡಿದು ಹೋದರು. ನಾಲ್ಕನೆಯ ತಿಂಗಳಲ್ಲಿ ಸೀರಿಯಸ್ ಎಂದು ತಂತಿ ಬಂತು. ಹೊರಟರೆ ಡೋಣಿ ಹೊಳೆ ತುಂಬಿ ಹರಿಯುತ್ತಿತ್ತು. ಬಸ್ಸು ಈಚೆ ದಂಡೆಯಲ್ಲೇ ನಿಂತುಬಿಟ್ಟಿತು. ಒಂದು ಹಗಲು ಅವರು ಕೆಂಪು ನೀರು ನೋಡುತ್ತ ನಿಂತಿದ್ದರು. ಮನೆ ಮುಟ್ಟಿದಾಗ ಎಲ್ಲ ಮುಗಿದಿತ್ತು. ಅಂಗಳ ಸಾರಿಸಿದ್ದರು.

"ಮಳ್ಯಾಗ ನಿಮ್ಮನ್ನ ಬಸ್ಸಿಗಿ ಹತ್ತಿಸಿದಾಕಿ ನಾನ," ರಹಿಮಾಬಿ ಹೇಳಿದಳು. "ತಿರುಗಿ ಬಂದಾಗ ನಿಮ್ಮ ಮಾರಿ ನೋಡಿದೆ. ಅವತ್ತ ಹೇಳೂ ಧೈರ್ಯ ಆಗಲಿಲ್ರಿ. ನಿಮಗ ಸಿಟ್ಟ ಇದ್ರ ನನ್ನ ಮ್ಯಾಲ ಮಾಡ್ರಿ. ದೇವರ ಮ್ಯಾಲ ಬ್ಯಾಡ್ರಿ."

ತುಳಸೀಬಾಯಿ ಎದ್ದು ಕಿಟಕಿಯ ಬಳಿ ಹೋದರು. ಸಿಟ್ಟು ಬಂದಿದ್ದು ನಿಜ. ಮೂವತ್ತಮೂರು ವರ್ಷ ದೇವರ ಮುಂದೆ ದೀಪ ಹಚ್ಚಿ, ನನ್ನನ್ನೇ ಯಾಕೆ ಕಿತ್ತು ಒಗೆದೆ ಎಂದು ಕೇಳಿದ್ದರು. ಉತ್ತರ ಹೀಗೆ ಚಹಾ ಆರಿಸಿಕೊಂಡು ತಮ್ಮ ಮನೆಯಲ್ಲೇ ಕುಳಿತೀತೆಂದು ಎಣಿಸಿರಲಿಲ್ಲ. ಆದರೆ ಸಿಟ್ಟಿನ ಹಿಂದೆಯೇ ಆ ಸಾಲೆಯೂ ನೆನಪಾಯಿತು. ಮೊದಲ ದಿನ ನಿಷತ ಒಬ್ಬಳೇ. ತಿಂಗಳೊಳಗೆ ಅವಳ ಹಿಂದೆ ಏಳು ಹುಡುಗಿಯರು. ದೀಪಾವಳಿ ಕಳೆಯುವಷ್ಟರಲ್ಲಿ ಕೂಡಿಸಲು ಗೋಣಿತಟ್ಟು ಸಾಲದೆ, ತಮ್ಮ ಜಮಖಾನೆಯನ್ನೇ ತಂದು ಹಾಸಿದ್ದರು. ತಾವು ಕಳಕೊಂಡ ದಿನಗಳೆಂದು ಬರೆದಿಟ್ಟಿದ್ದ ಕನ್ನೊಳ್ಳಿಯ ಆ ಆರು ವರ್ಷ, ಮತ್ತೊಬ್ಬಳು ನೆಲಕ್ಕೆ ಹಣೆ ಹಚ್ಚಿ ಪಡೆದ ದಿನಗಳಾಗಿದ್ದವು.

"ಒಂದು ಮಾತು ನಾ ಯಾರಿಗೂ ಹೇಳಿಲ್ಲ," ಎಂದರು ತುಳಸೀಬಾಯಿ, ತಿರುಗದೆಯೇ. "ಅವ್ವಗ ಕಡೀಕ ಮಾತು ತೊದಲತಿತ್ತು. ಕಣ್ಣ ಮುಚ್ಚೂಕಿಂತ ಮೊದಲ ರಾಮಚಂದ್ರಗ ಅಂದಳಂತ: 'ತುಳಸಿ ಹ್ಯಾಂಗ ಬರ್ತಾಳ? ಆಕಿಗೆ ಸಾಲಿ ಅದ.' ತಾಯಿಗಿಂತ ಸಾಲಿ ಹೆಚ್ಚಾತು ಅಂದಾಳ, ನನ್ನ ಬೈದು ಹೋಗ್ಯಾಳ ಅಂತ ತಿಳಕೊಂಡು ಬದುಕೀನಿ."

ರಹಿಮಾಬಿ ಕೇಳಿದಳು: "ನಿಮ್ಮ ಅವ್ವ ಸಾಲಿ ಕಲತಿದ್ರೇನ್ರಿ?"

"ಇಲ್ಲ. ಒಂದ ದಿನಾನೂ ಕಳಸಲಿಲ್ಲ ಆಕೀನ್ನ. ಅಣ್ಣಂದಿರ ಬರಿಯೂ ಪಾಟಿ ತೊಳದು ಇಡತಿದ್ದಳಂತ..."

ತುಳಸೀಬಾಯಿ ಕಿಟಕಿಯ ಸರಳು ಹಿಡಿದುಕೊಂಡರು. ತಾಯಿಯ ಆ ಮಾತನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಹೇಳಿಕೊಂಡರು. ಈ ಸಲ ಅದು ಅವ್ವನ ದನಿಯಲ್ಲಿ ಕೇಳಿತು; ಅದರಲ್ಲಿ ಬೈಗುಳವಿರಲಿಲ್ಲ, ಹೆಮ್ಮೆಯಿತ್ತು.

ಬಸ್ಸಿನ ಹೊತ್ತಾಯಿತೆಂದು ರಹಿಮಾಬಿ ಎದ್ದಾಗ, ತುಳಸೀಬಾಯಿ ಅವಳ ಎರಡೂ ಕೈ ಹಿಡಿದುಕೊಂಡರು.

"ಮಾಫಿ ಆತ್ರಿ?" ಎಂದು ಕೇಳಿದಳು ರಹಿಮಾಬಿ.

"ನೀವು ಅಲ್ಲಿಗೆ ಹೋದ ಮ್ಯಾಲ ನಮ್ಮ ಅವ್ವನ ಹೆಸರ ತಗೊಂಡ ಬೇಡ್ರಿ," ಎಂದರು ತುಳಸೀಬಾಯಿ. "ಗೋದಾಬಾಯಿ ಅಂತ. ನೀವು ಬೇಡಿದ್ದು ಆಂವ ಕೇಳತಾನ."