ಕಾರಣದ ಕಾಲಂ

ಆನ್‌ಲೈನ್‌ನಲ್ಲಿ ಕೊಂಡ ಹಳೆಯ ಲ್ಯಾಪ್‌ಟಾಪು, ಅದನ್ನು ಮಾರಿದ ಕಂಪನಿಯ ವಾಪಸಾತಿ ಕೌಂಟರಿನ ಮೇಲೆ ಮೂವತ್ತೈದು ನಿಮಿಷದಿಂದ ಆನ್ ಆಗಿಯೇ ಇತ್ತು. ಮನೆಯಲ್ಲಿ ಇಪ್ಪತ್ತು ನಿಮಿಷ ತುಂಬಿತೋ ಇಲ್ಲವೋ, ಹೇಳದೆ ಕೇಳದೆ ಕಣ್ಣು ಮುಚ್ಚುತ್ತಿದ್ದ ಯಂತ್ರ ಇದೇ. ಇಲ್ಲಿ ಮಾತ್ರ ಕೆಮ್ಮು ಕೂಡ ಇಲ್ಲ.

ಕೊಂಡವಳು ಹಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರಿಗೆ ಹತ್ತಿ, ಇಕ್ಕಳ ಎತ್ತಿಕೊಡುವ ಸಹಾಯಕಿ. ಕುರ್ಚಿ ಕಂಡ ಕೂಡಲೇ ಹಲ್ಲುನೋವು ಮಾಯವಾಗುವವರನ್ನು ದಿನವೂ ನೋಡುವವಳು. ಆದರೂ ಅವಳಿಗೆ ತನ್ನ ಮೇಲೆಯೇ ಅನುಮಾನ ಹತ್ತಿತು. ತಾನೇ ಯಾವುದಾದರೂ ತಪ್ಪು ಗುಂಡಿ ಒತ್ತುತ್ತಿರಬಹುದೇ? ಸಂಜೆ ಕಾಲೇಜಿನ ಪ್ರಬಂಧ ಮೂರು ಸಲ ಅರ್ಧಕ್ಕೇ ಹಾರಿಹೋಗಿತ್ತು. ಒಪ್ಪಿಸಲು ಉಳಿದಿರುವುದು ಹತ್ತೇ ದಿನ; ತಪ್ಪಿದರೆ ವರ್ಷ ಹೋದಂತೆ. ಇದರ ಹಣ ಕೈಗೆ ಬಂದರೆ ಮಾತ್ರ ಇನ್ನೊಂದು ಕೊಳ್ಳಲು ಸಾಧ್ಯ.

"ಚೆನ್ನಾಗೇ ಇದೆಯಲ್ಲ ಮೇಡಂ," ಎಂದ ಕೌಂಟರಿನವನು.

ಅರ್ಧ ದಿನ ರಜೆ ಹಾಕಿ ಜೊತೆಗೆ ಬಂದಿದ್ದ ಅತ್ತಿಗೆಗೆ ತಡೆಯಲಾಗಲಿಲ್ಲ. "ನಮ್ಮನೇಲಿ ಕುಂಭಕರ್ಣ, ನಿಮ್ಮೆದುರಿಗೆ ಕಣ್ಣೇ ಮಿಟುಕಿಸಲ್ಲ. ಧಣಿ ಯಾರು ಅಂತ ಅದಕ್ಕೆ ಚೆನ್ನಾಗಿ ಗೊತ್ತಪ್ಪಾ!"

ಅವನು ನಗುತ್ತ ಒಂದು ಫಾರಂ ಮುಂದೆ ಸರಿಸಿದ. "ಒಂದು ಕೆಲಸ ಮಾಡಿ ಮೇಡಂ. ಹೆಸರು, ಸಹಿ ಹಾಕಿ, ಇಲ್ಲಿ ಕಾರಣದ ಕಾಲಮಿನಲ್ಲಿ 'ತಾನಾಗಿಯೇ ಆಫ್ ಆಗುತ್ತದೆ' ಅಂತ ಬರೀರಿ. ವರ್ಕ್‌ಶಾಪಿಗೆ ಕಳಿಸಿ ನೋಡಿಸ್ತೀವಿ. ದೋಷ ಇದ್ರೆ ರಿಪೇರಿ ಮಾಡಿ ಕೊಡ್ತೀವಿ."

"ಎಷ್ಟು ದಿನ ಆಗುತ್ತೆ?"

"ಮೂರು ವಾರ ಅಂತ ಇಟ್ಕೊಳ್ಳಿ."

"ದೋಷ ಸಿಗಲಿಲ್ಲ ಅಂದ್ರೆ?"

"ಆಗ ಚಿಂತೆಯೇ ಇಲ್ಲವಲ್ಲ! ಇದನ್ನೇ ಮನೆಗೆ ತಗೊಂಡು ಹೋಗ್ತೀರಿ."

ಅವಳು ಪೆನ್ನು ತೆಗೆದಳು. ಯಂತ್ರ ಯಾವ ದಿನ, ಎಷ್ಟು ಗಂಟೆಗೆ, ಯಾವ ವಾಕ್ಯದ ನಡುವೆ ನಿಂತಿತೆಂದು ದುಂಡಗೆ ಬರೆದ ಎರಡು ಹಾಳೆ ಅವಳ ಚೀಲದಲ್ಲಿದ್ದವು. 'ತಾನಾಗಿಯೇ' ಎಂದು ಬರೆದಾಗಿತ್ತು. ಪೆನ್ನು ಅಲ್ಲಿಗೇ ನಿಂತಿತು. ಆ ಹಾಳೆಗಳ ಜೊತೆಗೆ ಇನ್ನೊಂದೂ ಇತ್ತು: ಕಂಪನಿಯದೇ ಮಾರಾಟದ ನಿಯಮಗಳು. ಪರೀಕ್ಷೆಗೆ ಓದಿದಂತೆ ಓದಿ, ಐದನೆಯದರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಳು. ಓದಿದ್ದನ್ನು ನಂಬುವ ಧೈರ್ಯ ಮಾತ್ರ ಬಂದಿರಲಿಲ್ಲ. ಕಾರಣ ಹೇಳದೆ ಅವಳು ಈವರೆಗೆ ಯಾರಿಗೂ ಏನನ್ನೂ ಹಿಂದಿರುಗಿಸಿದವಳಲ್ಲ.

"ಅತ್ತಿಗೆ, ಇದನ್ನ ನಾನು ಸರಿಯಾಗಿ ಓದಿದೀನಾ ನೋಡಿ."

ಅತ್ತಿಗೆ ಹಾಳೆಯನ್ನು ತೋಳಳತೆ ದೂರ ಹಿಡಿದು ಗಟ್ಟಿಯಾಗಿ ಓದಿದಳು. "'ಖರೀದಿದಾರರು ಏಳು ದಿನಗಳೊಳಗೆ, ಯಾವುದೇ ಕಾರಣ ನೀಡದೆ, ವಸ್ತುವನ್ನು ಹಿಂದಿರುಗಿಸಿ ಪೂರ್ತಿ ಹಣ ಪಡೆಯಬಹುದು.' ಇವತ್ತಿಗೆ ಎಷ್ಟನೇ ದಿನವೇ?"

"ಏಳನೇದು."

"ಮತ್ತೆ? ಹೊಳೆ ದಾಟಿಸೋ ದೋಣಿ ಚೀಲದಲ್ಲಿ ಇಟ್ಕೊಂಡು ಈಜು ಕಲೀತಾ ಇದೀಯಲ್ಲ!"

ಸಹಾಯಕಿ ಫಾರಮನ್ನು ಎರಡಾಗಿ ಹರಿದಳು. "ಇನ್ನೊಂದು ಫಾರಂ ಕೊಡಿ."

"ಅದೆಲ್ಲ ಹೊಸ ಮಾಲಿಗೆ ಮೇಡಂ. ಇದು ಹಳೇದು."

"ಹಳೇದಕ್ಕೆ ಬೇರೆ ಅಂತ ಎಲ್ಲೂ ಇಲ್ಲ. ಎರಡು ಸಲ ನೋಡಿದೆ."

"ಆದ್ರೆ ನೀವು ಬಳಸಿದೀರಲ್ಲ?"

"ಹೇಗಿದೆ ಅಂತ ನೋಡೋಕೆ ಬಳಸ್ಲೇಬೇಕು. ಬಂದ ಹಾಗೇ ಇದೆ. ಚಾರ್ಜರು, ಡಬ್ಬ, ರಸೀದಿ, ಎಲ್ಲಾ ಇದೆ." ಅವಳು ಅತ್ತಿಗೆಯ ಕೈಯಲ್ಲಿದ್ದ ಹಾಳೆಯನ್ನು ತೆಗೆದುಕೊಂಡು ಅವನ ಮುಂದಿಟ್ಟಳು. "ನಿಯಮ ಬರೆದಿರೋದು ನೀವು. ನಾನು ಓದಿದೆ ಅಷ್ಟೆ."

"ಸುಮ್ಮಸುಮ್ಮನೆ ಯಾರಾದ್ರೂ ವಾಪಸ್ ಕೊಡ್ತಾರಾ? ಸಾಹೇಬರು ನನ್ನ ಕೇಳ್ತಾರೆ."

"ಕೇಳಿದ್ರೆ ಐದನೇ ನಿಯಮ ತೋರಿಸಿ."

ಅವನು ಮುಖ ಗಂಟಿಕ್ಕಿಕೊಂಡೇ ಹೊಸ ಫಾರಂ ಕೊಟ್ಟ. ಅವಳು ಹೆಸರು ಬರೆದಳು, ಆರ್ಡರ್ ಸಂಖ್ಯೆ ಬರೆದಳು, ಸಹಿ ಹಾಕಿದಳು. ಕಾರಣದ ಕಾಲಮನ್ನು ಹಾಗೆಯೇ ಬಿಟ್ಟು ಅವನ ಕಡೆ ತಿರುಗಿಸಿದಳು. ಅವನು ಸೀಲು ಎತ್ತಿದ.

ಆಗ ಲ್ಯಾಪ್‌ಟಾಪಿನ ಫ್ಯಾನು ಒಮ್ಮೆ ನಿಟ್ಟುಸಿರು ಬಿಟ್ಟಂತೆ ಸದ್ದು ಮಾಡಿತು. ಪರದೆ ಕಪ್ಪಾಯಿತು.

"ಹೋಯ್ತು!" ಅತ್ತಿಗೆ ಚಪ್ಪಾಳೆ ತಟ್ಟಿದಳು. "ನೋಡಿದ್ರೇನಪ್ಪಾ? ಕಣ್ಣಾರೆ ನೋಡಿದ್ರಾ?"

ಸಹಾಯಕಿಯ ಎದೆ ಹಗುರವಾಯಿತು. ತಾನು ತಪ್ಪು ಗುಂಡಿ ಒತ್ತಿರಲಿಲ್ಲ. ತಾನು ಸುಳ್ಳು ಹೇಳಿರಲಿಲ್ಲ. ವಾರವಿಡೀ ತನ್ನನ್ನೇ ಬೈದುಕೊಂಡಿದ್ದೆಲ್ಲ ದಂಡ.

ಕೌಂಟರಿನವನು ಎತ್ತಿದ ಸೀಲನ್ನು ಮೆಲ್ಲಗೆ ಪಕ್ಕಕ್ಕಿಟ್ಟ. ಅವನ ದನಿಯಲ್ಲಿ ಈಗ ಜೇನು. "ನೀವೇ ಗೆದ್ರಿ ಮೇಡಂ. ನಿಮ್ಮ ಮಾತು ನೂರಕ್ಕೆ ನೂರು ನಿಜ, ನಾನೇ ಸಾಕ್ಷಿ. ಈಗ ಧೈರ್ಯವಾಗಿ ಬರೀರಿ, 'ತಾನಾಗಿಯೇ ಆಫ್ ಆಗುತ್ತದೆ' ಅಂತ. ನಿಮಗೂ ಸಮಾಧಾನ, ನಮಗೂ ಸಮಾಧಾನ."

ಫಾರಂ ಮತ್ತೆ ಅವಳ ಮುಂದೆ ಬಂತು. ಬರೆಯಲು ಕೈ ತುರಿಸುತ್ತಿತ್ತು. ನಿಜವಾದ ಮಾತು, ಮೂರೇ ಪದ; ಅದಕ್ಕೊಬ್ಬ ಸಾಕ್ಷಿ ಬೇರೆ. ಪೆನ್ನಿನ ಮೊನೆ ಆ ಖಾಲಿ ಕಾಲಮಿನ ಮೇಲೆ ಬಂತು. ಆದರೆ ಬರೆದ ಕೂಡಲೇ ಅದು ವಾಪಸಾತಿಯಲ್ಲ, ಮೂರು ವಾರದ ರಿಪೇರಿ.

ಅವಳು ಪೆನ್ನಿಗೆ ಮುಚ್ಚಳ ಹಾಕಿದಳು.

"ಸೀಲ್ ಒತ್ತಿ."

"ಮತ್ತೆ ಕಾರಣ?"

"ಇದೆ," ಎಂದಳು. "ನಿಮಗೆ ಹೇಳೋದಿಲ್ಲ."