ಒಂದು ಕೆಟ್ಟ ಷರಾ

"ಸಾರ್, ದಯವಿಟ್ಟು ಈ ಸಲ ನನ್ನ ಬಗ್ಗೆ ಒಂಚೂರು ಕೆಟ್ಟದ್ದು ಬರೀರಿ."

ಮೇಜರ್ ಪೆನ್ನು ಕೆಳಗಿಟ್ಟರು. ಬೆಳಗಿನಿಂದ ವಾರ್ಷಿಕ ವರದಿಗಳಿಗೆ ಷರಾ ಬರೆದು ಬರೆದು ಅವರ ತಲೆ ಚಿಟ್ಟು ಹಿಡಿದಿತ್ತು. ಬಂದವರೆಲ್ಲ ಇನ್ನಷ್ಟು ಹೊಗಳಿ ಎಂದು ಗೋಗರೆದವರೇ. ಈಗ ಎದುರಿಗೆ ನಿಂತವನು ಸೇನೆಯ ಲಾರಿ ರಿಪೇರಿ ಶೆಡ್ಡಿನ ಉಸ್ತುವಾರಿ ಹವಾಲ್ದಾರ. ಕೈ ತೊಳೆದುಕೊಂಡೇ ಬಂದಿದ್ದರೂ ಉಗುರಿನ ಸಂದಿಯಲ್ಲಿ ಗ್ರೀಸು ಉಳಿದಿತ್ತು.

"ಹೋದ ವರ್ಷ ಏನು ಬರೆದಿದ್ರಿ, ನೆನಪಿದೆಯಾ? ಈತ ಶೆಡ್ಡಿನ ಬೆನ್ನೆಲುಬು ಅಂತ. ಬೆನ್ನೆಲುಬನ್ನ ಕಿತ್ತು ಯಾರಾದ್ರೂ ಬೇರೆ ಕಡೆ ಕಳಿಸ್ತಾರಾ ಸಾರ್? ಊರ ಹತ್ರ ವರ್ಗಾವಣೆ ಕೊಡಿ ಅಂತ ಹಾಕಿದ ಅರ್ಜಿ ಹೋದ ದಾರೀಲೇ ವಾಪಸ್ ಬಂತು. ಮನೆಗೆ ಹೋಗಿ ನಿಂತ್ರೆ ನನ್ನ ಮಗಳು, ಅಪ್ಪ ಫೋನಲ್ಲಿರ್ತಾರೆ, ಈ ಮಾಮ ಯಾರು ಅಂತಾಳೆ!"

ಮೇಜರ್ ಹಣೆ ಉಜ್ಜಿಕೊಂಡರು. "ಸರಿನಪ್ಪ. ಸೋಮಾರಿ ಅಂತ ಬರೀಲಾ?"

"ಅಯ್ಯೋ, ಬೇಡಿ. ಆಮೇಲೆ ಅಲ್ಲಿನೋರು ನನ್ನ ಸೇರಿಸ್ಕೋತಾರಾ?"

"ಕುಡೀತಾನೆ ಅಂತ?"

"ಮನೆಯವಳ ಕಿವಿಗೆ ಬಿದ್ರೆ ಊರಿಗೆ ಹೋಗಿಯೂ ಪ್ರಯೋಜನ ಇಲ್ಲ ಸಾರ್."

"ಹೋಗ್ಲಿ, ಹುಡುಗರ ಮೇಲೆ ಹಿಡಿತ ಇಲ್ಲ ಅಂತ ಹಾಕ್ಲಾ?"

ಹವಾಲ್ದಾರನ ಮುಖ ಕೆಂಪೇರಿತು. "ಹಿಡಿತ ಇಲ್ವಾ? ಒಂದು ಸ್ಪ್ಯಾನರ್ ಜಾಗ ತಪ್ಪಿದ್ರೂ ನನ್ನ ಹುಡುಗರು ಊಟಕ್ಕೆ ಏಳಲ್ಲ! ಬೇಕಾದ್ರೆ ಬಂದು ನೋಡಿ."

"ನಿನ್ನ ಜೊತೆ ಏಗೋಕಾಗಲ್ಲ ಕಣಯ್ಯ!" ಮೇಜರ್ ಕಾಗದವನ್ನೂ ಪೆನ್ನನ್ನೂ ಅವನತ್ತ ತಳ್ಳಿದರು. "ಹೊಗಳಿದ್ರೂ ಕಷ್ಟ, ತೆಗಳಿದ್ರೂ ಕಷ್ಟ. ಕೂತ್ಕೊ. ನೀನೇ ಬರಿ, ನಾನು ಸಹಿ ಹಾಕ್ತೀನಿ."

ಹವಾಲ್ದಾರ ಕುರ್ಚಿಯ ಅಂಚಿನಲ್ಲಿ ಕುಳಿತ. ಬರೆದ, ಹೊಡೆದುಹಾಕಿದ, ಮತ್ತೆ ಬರೆದ. ಕಿಟಕಿಯಾಚೆ ಶೆಡ್ಡಿನಲ್ಲಿ ಒಂದು ಎಂಜಿನ್ ಕೆಮ್ಮಿ ಕೆಮ್ಮಿ ನಿಂತಿತು. ಅವನು ಎದ್ದೇಬಿಟ್ಟ. ಬಾಗಿಲ ತನಕ ಹೋಗುವಷ್ಟರಲ್ಲಿ ಎಂಜಿನ್ ಮತ್ತೆ ಚಾಲೂ ಆಗಿ ಒಂದೇ ಸಮನೆ ಓಡತೊಡಗಿತು. ಯಾರೋ ಶಿಳ್ಳೆ ಹಾಕಿದರು, ಉಳಿದವರು ನಕ್ಕರು. ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು ಹಿಂದಕ್ಕೆ ಬಂದ. ಒಂದೇ ಸಾಲು ಬರೆದು ಕಾಗದವನ್ನು ಮೇಜರ್ ಕಡೆಗೆ ತಿರುಗಿಸಿ ಇಟ್ಟ.

ಮೇಜರ್ ಗಟ್ಟಿಯಾಗಿ ಓದಿದರು: "ಈತನಿಲ್ಲದಿದ್ದರೂ ಶೆಡ್ ನಡೆಯುತ್ತದೆ." ಅನುಮಾನದಿಂದ ತಲೆಯೆತ್ತಿದರು. "ಸುಳ್ಳಿಗೆ ನನ್ನ ಸಹಿ ಹಾಕಿಸ್ತಿಲ್ಲ ತಾನೇ?"

"ನಾನು ಒಳಗೆ ಬಂದು ಇಷ್ಟು ಹೊತ್ತಾಯ್ತು ಸಾರ್," ಎಂದ ಹವಾಲ್ದಾರ, ಕಿಟಕಿಯತ್ತ ನೋಡದೆ. "ಒಬ್ಬನಾದ್ರೂ ನನ್ನ ಕರೆಯೋಕೆ ಬಂದ್ನಾ?"